ಅಕ್ಕರೆಯ ಹೆಸರು

ಕಬಗೇನಿಯ ತಲೆಗೆ ದೈವ ಏರಲಿಲ್ಲ. ಮಧ್ಯಾಹ್ನದಿಂದ ಅಂಗಳದಲ್ಲಿ ಸೋರೆಬುರುಡೆಯ ಗಿಲಕಿಗಳು ಸದ್ದು ಮಾಡುತ್ತಿದ್ದವು. ಮೇಲೆ ಹೊದೆಸಿದ್ದ ಮರದ ತೊಗಟೆಯ ಬಟ್ಟೆಯೊಳಗೆ ಅವಳು ಬೆವರುತ್ತಿದ್ದಳು, ಅಷ್ಟೇ. ಗುಡಿಸಿಲೊಳಗೆ ಮಗ ಕಟೂರ ಜ್ವರದಲ್ಲಿ ಬೇಯುತ್ತಿದ್ದ. ನ್ಯಾಬುಜಾನ ದೈವ ತಾಯಿಯ ಮೈಮೇಲೆ ಬಂದು ಮಾತಾಡಿದರೆ ಮಾತ್ರ ಮಗು ಉಳಿಯುತ್ತದೆಂದು ಕಣಿಯಲ್ಲಿ ಬಂದಿತ್ತು.

ಅವಳಿಗೆ ದೈವದ ದೀಕ್ಷೆ ಕೊಟ್ಟ ಮುದುಕಿ ನ್ಯಾಂಗೋಮ ಬಟ್ಟೆಯೊಳಗೆ ತಲೆ ತೂರಿಸಿದಳು.

"ಬಂತೇನೇ?"

"ಇಲ್ಲ ಅಜ್ಜಿ."

"ನಂಗೂ ಮೊದಲ ಸಲ ಬಂದಿರ್ಲಿಲ್ಲ. ನಡುಗು. ಗಂಟಲು ಬದಲಾಯಿಸು. ನೀನೀಗ ಯಾರ ಹೆಂಡ್ತಿನೂ ಅಲ್ಲ, ಯಾರ ತಾಯಿನೂ ಅಲ್ಲ. ಈ ಗುಟ್ಟು ಹೊರಗೆ ಬಿಟ್ಟೆಯೋ, ನಾಲಿಗೆ ಕೊಳೀತದೆ."

ನಡುಗುವುದು ಕಷ್ಟವಾಗಲಿಲ್ಲ. ಗಂಡ ಬಿಟಮಜಿರೆ ಎದುರು ಬಂದು ಮಂಡಿಯೂರಿದ. ಬೆಳಿಗ್ಗೆ ಅವಳು ಆಸ್ಪತ್ರೆಯ ಮಾತೆತ್ತಿದಾಗ "ಹೆಂಗಸಿನ ಮಾತು ಕೇಳಿ ದೈವನ ಬಿಡ್ಲಾ?" ಎಂದು ಗದರಿದವನು ಈಗ ಹಣೆ ನೆಲಕ್ಕೆ ಮುಟ್ಟಿಸಿ, "ಅಪ್ಪಣೆ ಆಗ್ಲಿ ತಾಯಿ" ಎಂದ.

"ಮಗುನ ಹೊಯ್ಮಾ ಪೇಟೆ ಆಸ್ಪತ್ರೆಗೆ ಒಯ್ಯಿ," ಎಂದಳು ಒಡಕು ಗಂಟಲಲ್ಲಿ. "ಹತ್ತಿ ಮೂಟೆ ಲಾರಿ ಹೊರಡೋದ್ರೊಳಗೆ."

"ನಿನ್ನ ಮಾತು ಮೀರೋದುಂಟಾ." ಅವನೆದ್ದು, ಲಾರಿ ನಿಲ್ಲಿಸಲು ತಮ್ಮನನ್ನು ಓಡಿಸಿದ.

ಆಗ ಒಳಗಿನಿಂದ ಕಟೂರ ಕರೆದ. ಬುನ್ಯೋರೊ ಸೀಮೆಯಲ್ಲಿ ಎಲ್ಲರಿಗೂ ಒಂದೊಂದು ಅಕ್ಕರೆಯ ಹೆಸರುಂಟು. ಮಕ್ಕಳು ತಾಯಿಯನ್ನು ಕರೆಯುವುದೂ ಅದರಿಂದಲೇ.

"ಅಡ್ಯೇರಿ..."

"ಓ, ಬಂದೆ ಮಗಾ," ಎಂದಳು ಕಬಗೇನಿ, ತನ್ನದೇ ದನಿಯಲ್ಲಿ.

ಗಿಲಕಿಗಳು ನಿಂತವು. ನ್ಯಾಂಗೋಮ ಮುಖ ತಿರುಗಿಸಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದಳು: "ದೈವ ಯಾವತ್ತೂ ಅಕ್ಕರೆ ಹೆಸರಿಗೆ ಓಗೊಡಲ್ಲ."

ಬಿಟಮಜಿರೆ ತಮ್ಮನನ್ನು ಕೂಗಿ ವಾಪಸು ಕರೆದ. "ನನ್ನ ಕೈಲಿ ನಿನ್ನ ಕಾಲಡಿ ಮಂಡಿ ಊರಿಸ್ಕೊಂಡ್ಯಲ್ಲೇ."

"ಅರಾಲಿ," ಎಂದು ಅವಳು ಗಂಡನನ್ನು ಅವನ ಅಕ್ಕರೆಯ ಹೆಸರಿನಿಂದ ಕರೆದಳು. "ಮೋಸ ನಂದು, ಮಗಂದಲ್ಲ. ಲಾರಿ ಹೋಗ್ತದೆ."

"ಕಳ್ಳ ಮಾತಿಗೆ ಮಗನ್ನ ಹೊರಗೆ ಒಯ್ದರೆ ನಿಜವಾದ ದೈವ ಸುಮ್ನಿರ್ತದಾ?" ಅವನು ಬಾಗಿಲಿಗೆ ಅಡ್ಡ ಕೂತ. ಲಾರಿ ದಿಬ್ಬ ಹತ್ತುವ ಸದ್ದು ಅಂಗಳದಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಕಟೂರನನ್ನು ಮರುದಿನ ಬೆಳಿಗ್ಗೆ ಬಾಳೆತೋಟದ ಅಂಚಿನಲ್ಲಿ ಹೂತರು. ಆಮೇಲೆ ಆ ಮನೆಯಲ್ಲಿ ಯಾರೂ ಅವಳನ್ನು ಅಡ್ಯೇರಿ ಎಂದು ಕರೆಯಲಿಲ್ಲ. ಕಬಗೇನಿ ಕಳೆದುಕೊಂಡದ್ದು ಎರಡು: ಒಬ್ಬ ಮಗ, ಒಂದು ಹೆಸರು.