ಒಂದೇ ಮೇಜಿನ ಎರಡು ಫೋನು

ರಂಗಸ್ವಾಮಿ ಎಂಟರ್ ಬಟನ್ ಕುಟ್ಟಿದ ಏಟಿಗೆ ಜಗದಾಂಬಳ ಟೀ ಲೋಟ ತುಳುಕಿತು. ಮರುಕ್ಷಣವೇ ಅವಳ ಲ್ಯಾಪ್‌ಟಾಪಿನಲ್ಲಿ ಅವನ ಮೆಸೇಜು: 'ನಿನ್ನ ಲೈಬ್ರರಿ ಹೊತ್ಕೊಂಡು ಫೋನು ಏಳೋಷ್ಟರಲ್ಲಿ ನಾನು ಸಿರಾಕ್ಕೆ ಹೋಗಿ ಬಂದಿರ್ತೀನಿ.'

ಮಧುಗಿರಿಯ ಮೊಬೈಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಇಬ್ಬರಿಗೂ ಒಂದೇ ಮೇಜು. ಹಳೇ ಫೋನುಗಳಿಗೆಂದು, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದರು. ಅದರ ಪ್ರತಿ ಪ್ರೋಗ್ರಾಮೂ ಆತು ನಿಲ್ಲುವ, ಸಿ ಲೈಬ್ರರಿ ಎಂಬ ಬುನಾದಿ ಕೋಡು ಯಾವುದಿರಬೇಕು ಎಂಬಲ್ಲಿ ಜಗಳ ಹತ್ತಿತು. ಅವನಿಗೆ ಹಗುರವಾದ ಚಿಕ್ಕದು ಬೇಕು, ಅವಳಿಗೆ ಎಲ್ಲವನ್ನೂ ಓಡಿಸುವ ದೊಡ್ಡದು. ಆರು ತಿಂಗಳಿಂದ ಮಾತಿಲ್ಲ, ಬೈಗುಳವೆಲ್ಲ ಟೈಪಿನಲ್ಲೇ. ಇವತ್ತು ಅವನದೊಂದು, ಅವಳದೊಂದು ಫೋನು ತಯಾರಾಗಿ ಮೇಜಿನ ಮೇಲೆ ಬೆಳಗುತ್ತಿದ್ದವು.

'ನಿನ್ನದು ಬೇಗ ಏಳುತ್ತೆ, ಎದ್ದು ನಿನ್ನ ಥರಾನೇ ದಂಡಕ್ಕೆ ಕೂತಿರುತ್ತೆ,' ಎಂದು ಅವಳೂ ಕುಟ್ಟಿದಳು.

ಅಷ್ಟರಲ್ಲಿ ಅಂಗಡಿಯ ಮಾಲೀಕ ಚನ್ನಮಲ್ಲಯ್ಯ ಕಿವಿಗೆ ಮೊಬೈಲಿಟ್ಟುಕೊಂಡೇ ಮೆಟ್ಟಿಲು ಹತ್ತಿ ಬಂದರು. "ಇವೆರಡಕ್ಕೂ ಬೆಳಗ್ಗೆಯಿಂದ ಕಾಲ್ ಮಾಡ್ತಾನೇ ಇದೀನಿ ಕಣಮ್ಮ. ಒಂದೂ ರಿಂಗಾಗ್ತಿಲ್ವಲ್ಲ!"

ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಪರೀಕ್ಷಿಸಬೇಕು ಎಂಬುದು ಮೊದಲ ದಿನವೇ ಇಬ್ಬರೂ ಒಪ್ಪಿದ್ದ ಕಟ್ಟಳೆ. ಜಗದಾಂಬ ಆರು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟಳು. "ನನ್ನ ಫೋನಿಗೆ ಒಂದ್ಸಲಾನೂ ಕಾಲ್ ಮಾಡಿ ನೋಡ್ಲಿಲ್ವೇನೋ?"

"ನಿಂಗೆ ಫೋನ್ ಮಾಡೋವಷ್ಟು ಗತಿಗೆಟ್ಟಿಲ್ಲ ನಾನು," ಎಂದ ರಂಗಸ್ವಾಮಿ. "ನೀನು ನಂಗೆ ಮಾಡಿದ್ಯಾ?"

ಜಗದಾಂಬಳ ಬೆರಳು ತಾನಾಗಿಯೇ ಕೀಬೋರ್ಡಿಗೆ ಹೋಯಿತು. 'ನಾನೂ ಮಾಡಿಲ್ಲ,' ಎಂದು ಕುಟ್ಟಿದಳು.