ನಿಲ್ಲದ ನೇರಳೆ

ಕೀವು ಸವರಿದ ಮೂರನೇ ಗಾಜಿನ ಪಟ್ಟಿಯಲ್ಲೂ ನೇರಳೆ ಬಣ್ಣ ನಿಲ್ಲಲಿಲ್ಲ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಪ್ರೇಮಾವತಿ ಸೋತ ಕಣ್ಣುಜ್ಜಿಕೊಂಡಳು. ಬಿಟ್ಟಂಗಾಲದ ತೋಟದಾಳು ಬೊಳ್ಳಪ್ಪನ ಕಾಲಿನ ಕೀವಿನಲ್ಲಿ ನಿನ್ನೆಯವರೆಗೂ ಕ್ರಿಮಿಗಳೆಲ್ಲ ಬಣ್ಣ ಹೀರಿ ಕಡುನೇರಳೆಯಾಗುತ್ತಿದ್ದವು. ಇವತ್ತು ಪೇಲವ ಕೆಂಪು. ಆ ಕಾಲು ಕತ್ತರಿಸುವ ಗರಗಸ ಆಗಲೇ ಕುದಿನೀರಿಗೆ ಬಿದ್ದಿತ್ತು.

"ಸ್ಪಿರಿಟ್ ಜಾಸ್ತಿ ಹಾಕಿ ತೊಳೆದೆನೋ ಏನೋ ಸಾರ್. ಕೈ ಓಡ್ತಾ ಇಲ್ಲ."

ಡಾಕ್ಟರ್ ಪೂವಯ್ಯ ಸೂಕ್ಷ್ಮದರ್ಶಕದ ಮೇಲೆ ತುಂಬಾ ಹೊತ್ತು ಬಗ್ಗಿದ್ದರು. "ನಿಮ್ಮ ತಪ್ಪಲ್ಲಮ್ಮ. ನಾವು ಕೊಡ್ತಿರೋ ಪೆನಿಸಿಲಿನ್ ಹಿಡಿದಿದೆ. ಒಂದು ಕ್ರಿಮಿ ಎರಡಾಗೋಕೆ ಹೋಗಿ ಅದರ ಮೈಗೋಡೆಯೇ ಬಿರಿದಿದೆ, ಬಣ್ಣ ಎಲ್ಲಿ ನಿಲ್ತದೆ? ಗರಗಸ ಎತ್ತಿಡೋಕೆ ಹೇಳಿ."

ಹೊರಗೆ ಬೊಳ್ಳಪ್ಪನ ಹೆಂಡತಿ ಹೊನ್ನಮ್ಮ, ಕಾಲು ತೆಗೆಯುವ ಒಪ್ಪಿಗೆ ಕಾಗದಕ್ಕೆ ಒತ್ತಿದ ಹೆಬ್ಬೆರಳನ್ನು ಸೆರಗಿಗೆ ಉಜ್ಜುತ್ತಲೇ ಕೂತಿದ್ದಳು. ಪ್ರೇಮಾವತಿ ಅವಳ ಪಕ್ಕದಲ್ಲಿ ಕೂತು, ಉಳಿದ ಸ್ಪಿರಿಟಿನಲ್ಲಿ ಹತ್ತಿ ಅದ್ದಿ, ಆ ಬೆರಳಿನ ನೇರಳೆ ಮಸಿಯನ್ನು ಒರೆಸತೊಡಗಿದಳು.

"ಕಾಗದ ಬೇಡವಂತೆ ಅಕ್ಕ."