ಮಾಸ್ತರರ ಕ್ಯಾಸೆಟ್

ಟೇಪ್ ರೆಕಾರ್ಡರಿನಿಂದ ಮಾಸ್ತರರ ಹೆಂಡತಿಯ ದನಿ ಬರಬೇಕಿತ್ತು. ಬಂದದ್ದು ಕಳಕಪ್ಪನ ದನಿ.

ಕರಿಬಿಳಿ ಟೀವಿ ಸಾಕೋ, ಬಣ್ಣದ್ದೇ ಬೇಕೋ ಎಂದು ಕಳಕಪ್ಪ ಕೇಳುತ್ತಿದ್ದ. ರಹಮಾನಸಾಬ ಟೇಪನ್ನು ಮುಂದಕ್ಕೆ ಓಡಿಸಿದ. ಅಲ್ಲೂ ಕಳಕಪ್ಪನೇ. ಅಂಟೆನಾ ಎಷ್ಟೆತ್ತರ ಕಟ್ಟಬೇಕು, ಹುಬ್ಬಳ್ಳಿಯಿಂದ ಚಿತ್ರ ಹಿಡಿಯುತ್ತದೆಯೋ ಇಲ್ಲವೋ, ಮನೆಯಲ್ಲಿ ರೇಡಿಯೋ ಇದ್ದವನಿಗೆ ಟೀವಿಯ ಚಟ ಯಾಕೆ. ನಡುನಡುವೆ ರಹಮಾನಸಾಬನದೇ ನಗು. ಇನ್ನೂ ಮುಂದಕ್ಕೆ ಓಡಿಸಿದ. ಕೊನೆಯವರೆಗೂ ಅದೇ. ಕಟ್ಟೆಂದು ಟೇಪು ನಿಂತಿತು.

ಬೆಟಗೇರಿಯಲ್ಲಿ ಹದಿನೆಂಟು ವರ್ಷದಿಂದ ರೇಡಿಯೋ ರಿಪೇರಿ ಮಾಡುತ್ತಿದ್ದವನ ಕೈಯಿಂದ ಆದ ತಪ್ಪು ಇದು. ರಿಪೇರಿಗೆ ಬಂದ ರೆಕಾರ್ಡರು ದನಿ ಹಿಡಿಯುತ್ತದೆಯೋ ಎಂದು ನೋಡಲು ಅವನ ಹತ್ತಿರ ಒಂದು ಹಳೆಯ ಕ್ಯಾಸೆಟ್ಟಿತ್ತು. ಮಧ್ಯಾಹ್ನ ಅದನ್ನು ಹಾಕಲು ಮರೆತಿದ್ದ. ಒಳಗೆ ಮಾಸ್ತರರ ಕ್ಯಾಸೆಟ್ಟಿರುವಾಗಲೇ ದನಿ ಹಿಡಿಯುವ ಎರಡೂ ಗುಂಡಿ ಒತ್ತಿದ್ದ. "ಹಲೋ" ಎನ್ನುವಷ್ಟರಲ್ಲಿ ಓಣಿಯ ಗೆಳೆಯ ಕಳಕಪ್ಪ ಅಂಗಡಿಯ ಮೆಟ್ಟಿಲು ಹತ್ತಿ ಬಂದು ಮಾತಿಗೆ ಕುಳಿತ. ಟೇಪು ತಿರುಗುತ್ತಲೇ ಇತ್ತು, ಹಳೆಯ ದನಿ ಅಳಿಯುತ್ತಲೇ ಇತ್ತು.

ಮಾರ್ತಾಂಡರಾವ್ ಮಾಸ್ತರರು ಲಕ್ಷ್ಮೇಶ್ವರದಿಂದ ಬಸ್ಸು ಹತ್ತಿ ಬಂದು, ಧೋತರದಲ್ಲಿ ಸುತ್ತಿದ ರೆಕಾರ್ಡರನ್ನು ಕೊಟ್ಟು ಹೋಗಿ ನಾಲ್ಕು ದಿನವಾಗಿತ್ತು. ಅವರ ಊರಿನ ರಿಪೇರಿಯವನು ಮುಚ್ಚಳ ತೆಗೆಯಲಾರದೆ ಕೈಬಿಟ್ಟಿದ್ದ. ಕ್ಯಾಸೆಟ್ಟು ಒಳಗೇ ಸಿಕ್ಕಿಕೊಂಡಿತ್ತು.

"ಪೆಟಗಿ ಹಾಳಾಗಿ ಹೋಗ್ಲಿ, ಕ್ಯಾಸೆಟ್ ಉಳಸ್ರಿ," ಎಂದಿದ್ದರು ಮಾಸ್ತರರು. "ನಮ್ಮ ಮನಿಯಾಕಿ ದನಿ ಅದ. ಈಗ ಅದರಾಗಷ್ಟ ಉಳದದ."

ರಹಮಾನಸಾಬ ಕೈಯಲ್ಲಿದ್ದ ಕೆಲಸ ಬಿಟ್ಟು, ಯಾವಾಗ ಆಯಿತು ಎಂದು ಕೇಳಿದ್ದ.

"ಮೂರು ತಿಂಗಳಾತು. ಹುಬ್ಬಳ್ಳಿ ದವಾಖಾನ್ಯಾಗ. ಹೋಗೂ ಮುಂದ ಇನ್ನೊಂದಿಷ್ಟು ಹಿಡದಿಡೂಣು ಅಂದೆ. ಆಕಿ ಒಲ್ಲೆ ಅಂದ್ಳು."

ಮುಂದೆ ಕೇಳುವುದು ಸರಿಯಲ್ಲ ಎಂದು ರಹಮಾನಸಾಬ ಮಾತು ಬದಲಿಸಿದ್ದ. ಚಹಾ ತರಿಸುತ್ತೇನೆಂದರೆ ಮಾಸ್ತರರು ಕೂಡಲಿಲ್ಲ. ಜಲ್ದಿ ಮನೆ ಸೇರಬೇಕು ಎಂದು ಮೊದಲ ಬಸ್ಸಿಗೇ ಹೊರಟುಹೋದರು. ಹೆಂಡತಿಯಿಲ್ಲದ ಮನೆಗೆ ಇಷ್ಟು ಅವಸರವೇಕೆ ಎಂದು ರಹಮಾನಸಾಬನಿಗೆ ಅನ್ನಿಸಿದ್ದುಂಟು. ದುಃಖದಲ್ಲಿರುವವರ ರೀತಿ ಯಾರಿಗೆ ತಿಳಿಯುತ್ತದೆ ಎಂದುಕೊಂಡಿದ್ದ.

ಇವತ್ತು ಬೆಳಿಗ್ಗೆ ಟೇಪು ತಿರುಗಿಸುವ ಹೊಸ ಬೆಲ್ಟು ಹಾಕಿ ಕೇಳಿದಾಗ ಆ ದನಿ ತಿಳಿಯಾಗಿ ಬಂದಿತ್ತು. ರೆಕಾರ್ಡರು ಮನೆಗೆ ಬಂದ ದಿನದ ಮಾತು. ಆಕೆ ಗಂಡನನ್ನು ಬೈಯುತ್ತಿದ್ದಳು. ರೇಡಿಯೋ ಇತ್ತಲ್ಲ, ಇದನ್ಯಾಕ ತಂದ್ರಿ, ನಮ್ಮ ಮಾತು ನಾವ ತಿರುಗಿ ಏನು ಕೇಳೂದು ಎನ್ನುತ್ತಿದ್ದಳು. ಆಮೇಲೆ ನಗು ತಡೆಯಲಾರದೆ ನಕ್ಕಿದ್ದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ರಹಮಾನಸಾಬನ ಹೆಂಡತಿ ಬಾನುಬಿ ಕೈ ನಿಲ್ಲಿಸಿ ಆ ನಗುವನ್ನು ಕೇಳಿದ್ದಳು.

ಈಗ ಸಂಗತಿ ತಿಳಿದು ಬಾನುಬಿ ಬಾಗಿಲಿಗೆ ಬಂದು ನಿಂತಳು. ರಹಮಾನಸಾಬ ಅವಳ ಮುಖ ನೋಡದೆ, ಟೇಪು ಒಳಗೇ ಹರಿದಿತ್ತು ಎಂದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದ.

"ಹಂಗಂದ್ರ ಅವರು ತಾವ ಕೆಡಿಸಿದ್ವಿ ಅಂತ ತಿಳ್ಕೊಂತಾರ," ಎಂದಳು ಬಾನುಬಿ. "ಇದ್ದೊಂದು ದನಿ ತಮ್ಮ ಕೈಲೆ ಹೋತು ಅಂತ ಸಾಯೂತನಾ ಕೊರಗ್ತಾರ. ನೀವ ಹೋಗಿ ಹೇಳ್ರಿ."

ಮರುದಿನ ಬೆಳಗಿನ ಬಸ್ಸಿಗೆ ರಹಮಾನಸಾಬ ಹೊರಟ. ರೆಕಾರ್ಡರು ತೊಡೆಯ ಮೇಲಿತ್ತು. ಜೇಬಿನಲ್ಲಿ ಒಂದು ಹೊಸ ಕ್ಯಾಸೆಟ್ಟು. ಅದನ್ನೇಕೆ ಇಟ್ಟುಕೊಂಡೆನೆಂದು ಅವನಿಗೂ ತಿಳಿಯದು. ಬರಿಗೈಯಲ್ಲಿ ಹೋಗುವುದಕ್ಕೆ ನಾಚಿಕೆಯಾಗಿತ್ತು, ಅಷ್ಟೆ. ಶಿರಹಟ್ಟಿ ದಾಟಿದ ಮೇಲೆ ಇಳಿದು ತಿರುಗಿ ಹೋಗಿಬಿಡಲೇ ಎಂದು ಎರಡು ಸಲ ಎದ್ದು ನಿಂತ. ಎರಡು ಸಲವೂ ಕುಳಿತ.

ಮಾಸ್ತರರು ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು. ಅವನನ್ನು ಕಂಡು ಚಪ್ಪಲಿಯಿಲ್ಲದೆ ಓಣಿಗೆ ಇಳಿದು ಬಂದು, ತಾವೇ ರೆಕಾರ್ಡರನ್ನು ಎತ್ತಿಕೊಂಡು ಪಡಸಾಲೆಯಲ್ಲಿಟ್ಟರು. ಹಾಕಲೇ ಎಂದು ಕೇಳಿದರು.

ರಹಮಾನಸಾಬ ನಿಂತೇ ಎಲ್ಲವನ್ನೂ ಹೇಳಿದ. ಕಳಕಪ್ಪನ ಹೆಸರನ್ನು ಮುಂದೆ ಮಾಡಲಿಲ್ಲ. ಮರೆತವನು ತಾನು, ಗುಂಡಿ ಒತ್ತಿದವನು ತಾನು ಎಂದ.

ಮಾಸ್ತರರು ಬಹಳ ಹೊತ್ತು ಪೇಪರಿನ ಮಡಿಕೆ ಸರಿಮಾಡಿದರು.

"ಎಲ್ಲಾನೂ ಹೋತೇನು?"

"ಎಲ್ಲಾನೂ ಹೋತ್ರಿ, ಮಾಸ್ತರ."

"ಕಡೀಕ ನಕ್ಕಿದ್ಲು. ಅದೂ?"

ಹೌದೆಂದು ರಹಮಾನಸಾಬ ತಲೆಯಾಡಿಸಿದ. ಬೈದರೆ ತಡೆದುಕೊಳ್ಳುತ್ತಿದ್ದ. ಮಾಸ್ತರರು ಬೈಯಲಿಲ್ಲ. ಕುಂಡ್ರಿ, ಬಿಸಿಲಾಗ ಬಂದೀರಿ ಎಂದು ಚಾಪೆ ತೋರಿಸಿ, ಒಳಗೆ ತಿರುಗಿ, ನೀರು ತಾ ಎಂದರು.

ಒಳಗಿಂದ ಒಬ್ಬ ಹೆಂಗಸು ತಂಬಿಗೆ ಹಿಡಿದು ಬಂದಳು. ಹಣೆಯಲ್ಲಿ ಕುಂಕುಮ, ಕತ್ತಿಗೆ ಬಿಗಿಯಾಗಿ ಸುತ್ತಿದ ಸೆರಗು.

"ಇಕಿನ ನಮ್ಮ ಮನಿಯಾಕಿ, ವಿಮಲಾ," ಎಂದರು ಮಾಸ್ತರರು.

ರಹಮಾನಸಾಬ ತಂಬಿಗೆ ಕೆಳಗಿಟ್ಟ. ಎದೆಯ ಮೇಲಿನ ಕಲ್ಲು ಉರುಳಿದಂತಾಗಿ ಅವನು ನಕ್ಕೇಬಿಟ್ಟ. ಐದು ದಿನದಿಂದ ನಾನು ಏನೋ ತಿಳಿದುಕೊಂಡಿದ್ದೆ, ತಪ್ಪಾಯಿತು, ನನ್ನ ಬಾಯಲ್ಲಿ ಮಣ್ಣು ಬೀಳಲಿ ಎಂದು ಗಲ್ಲ ಬಡಿದುಕೊಂಡ. ಜೇಬಿನಿಂದ ಹೊಸ ಕ್ಯಾಸೆಟ್ಟು ತೆಗೆದು ಹಾಕಿದ, ಎರಡೂ ಗುಂಡಿ ಒತ್ತಿದ, ರೆಕಾರ್ಡರನ್ನು ಆಕೆಯ ಮುಂದೆ ಸರಿಸಿದ.

"ಅಮ್ಮಾರ, ನಿಮ್ಮ ಹೆಸರಷ್ಟ ಹೇಳ್ರಿ. ಇಲ್ಲಾ, ನನ್ನನ್ನ ಬೈರಿ. ಒಂದ ಮಾತು ಸಾಕು."

ವಿಮಲಾಬಾಯಿ ಗಂಡನ ಕಡೆ ನೋಡಿದರು. ಮಾಸ್ತರರು ಓಣಿಯ ಕಡೆ ಮುಖ ತಿರುಗಿಸಿದರು. ಟೇಪು ತಿರುಗುತ್ತಿತ್ತು.

ಆಕೆ ಮೆಲ್ಲಗೆ ಕತ್ತಿನ ಸೆರಗು ಬಿಚ್ಚಿದರು; ಹುಬ್ಬಳ್ಳಿ ದವಾಖಾನೆಯಲ್ಲಿ ಗಂಟಲು ಕೊಯ್ದು ತೆಗೆದ ಜಾಗದಲ್ಲಿ ಹೆಬ್ಬೆರಳಗಲದ ತೂತಿತ್ತು, ಅದರಿಂದ ಉಸಿರು ಮಾತ್ರ ಬರುತ್ತಿತ್ತು.